ವಾಲ್ವಿನ ದನಿ ತುಂಬಿದಂತೆ ಕೇಳುವುದೇಕೆ?

ಪ್ರಶ್ನೆ: ಹಾವೇರಿ, ರಾಣೇಬೆನ್ನೂರು ಕಡೆಯ ಹಿರಿಯರು ಧಾರವಾಡ ಆಕಾಶವಾಣಿಯ ಸಂಗೀತವನ್ನು ವಾಲ್ವ್ ರೇಡಿಯೊದಲ್ಲೇ ಕೇಳಬೇಕು ಎನ್ನುತ್ತಾರೆ. ಇದು ಬರೀ ಅಭಿಮಾನವೇ?
– ಓದುಗರು, ಬ್ಯಾಡಗಿ

ಉತ್ತರ: ಅಭಿಮಾನದ ಜೊತೆಗೆ ವಿಜ್ಞಾನವೂ ಇದೆ. ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಹಂತದಲ್ಲಿ ಸಾಮಾನ್ಯವಾಗಿ ಬಳಸುವ ವಾಲ್ವ್ ಇಸಿಸಿ83. ಇಸಿಸಿ83ರ ಒಂದೇ ಗಾಜಿನೊಳಗೆ ಎರಡು ಟ್ರಯೋಡ್‌ಗಳು (ಮೂರು ಎಲೆಕ್ಟ್ರೋಡ್‌ಗಳ ವರ್ಧಕಗಳು) ಇರುತ್ತವೆ. ಟ್ರಯೋಡ್‌ನಲ್ಲಿ ವಿದ್ಯುತ್ ಪ್ರವಾಹವು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಏರುವುದಿಲ್ಲ, ತುಸು ಬಾಗಿ ಏರುತ್ತದೆ. ಆದ್ದರಿಂದ ಅಲೆಯ ಒಂದು ಬದಿ ಹಿಗ್ಗಿ, ಇನ್ನೊಂದು ಬದಿ ಕುಗ್ಗುತ್ತದೆ. 220 ಹರ್ಟ್ಸ್ ಸ್ವರ ಒಳಹೊಕ್ಕರೆ 440 ಹರ್ಟ್ಸ್‌ನ ಎರಡನೆಯ ಹಾರ್ಮೋನಿಕ್ ಕೂಡ ಸಣ್ಣಗೆ ಹೊರಬರುತ್ತದೆ. 220 ಷಡ್ಜವಾದರೆ 440 ತಾರ ಷಡ್ಜ. ತಂಬೂರಿಯ ನಾದದಲ್ಲಿ ಮೊದಲೇ ಇರುವ ಸ್ವರ ಅದು. ಹೀಗಾಗಿ ಕಿವಿಗೆ ಅಪಸ್ವರವೆನಿಸದೆ ದನಿ ತುಂಬಿದಂತೆ ಕೇಳುತ್ತದೆ.

ಸಂಕೇತದ ಮಟ್ಟ ಇಮ್ಮಡಿಯಾದರೆ ಈ ಹಾರ್ಮೋನಿಕ್‌ನ ಶೇಕಡಾ ಪಾಲೂ ಸುಮಾರು ಇಮ್ಮಡಿಯಾಗುತ್ತದೆ. ಆದರೆ ಹಲವು ವಾದ್ಯಗಳು ಒಟ್ಟಿಗೆ ನುಡಿದಾಗ ಅದೇ ಬಾಗುವಿಕೆ ಮೂಲದಲ್ಲಿಲ್ಲದ ಮೊತ್ತ, ವ್ಯತ್ಯಾಸದ ಸ್ವರಗಳನ್ನೂ ಹುಟ್ಟಿಸಿ ನಾದವನ್ನು ಮಸುಕಾಗಿಸುತ್ತದೆ. ರೇಡಿಯೊದ ಮರದ ಪೆಟ್ಟಿಗೆ, ದೊಡ್ಡ ಸ್ಪೀಕರ್‌ಗಳ ಪಾಲೂ ಆ ತುಂಬಿದ ದನಿಯ ಸೊಗಸಿನಲ್ಲಿದೆ. ಎಂದರೆ, ವಾಲ್ವ್ ಹೆಚ್ಚು ನಿಖರವಲ್ಲ, ಆದರೆ ಅದರ ವಿರೂಪ ಕಿವಿಗೆ ಹಿತ.

ಮನೆಯಲ್ಲಿ ಹಳೆಯ ಸೆಟ್ ಇದ್ದರೆ ಎಸೆಯಬೇಡಿ. ಆದರೆ ನೀವೇ ಬಿಚ್ಚಲೂ ಬೇಡಿ. ಒಳಗೆ 200 ವೋಲ್ಟ್‌ಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.