ಟಿಕಾಲ್ ತೋರಿಸುವವರು

ಗ್ವಾಟೆಮಾಲಾದ ಉತ್ತರಕ್ಕೆ ಪೆತೆನ್ ಎಂಬ ಕಾಡುಸೀಮೆ ಇದೆ. ಅಲ್ಲಿನ ಟಿಕಾಲ್ ಉದ್ಯಾನದೊಳಗೆ ನಡೆಯುತ್ತಿದ್ದರೆ ದಾರಿಯ ಎರಡೂ ಬದಿಗೆ ಮರಗಿಡ ಹೊತ್ತ ದಿಬ್ಬಗಳು ಒಂದರ ಹಿಂದೊಂದು ಬರುತ್ತವೆ. ಗುಡ್ಡವಿರಬೇಕು ಎಂದುಕೊಂಡು ಮುಂದೆ ಸಾಗುತ್ತೇವೆ. ಅವುಗಳಲ್ಲಿ ಎಷ್ಟೋ ಗುಡ್ಡಗಳೇ ಅಲ್ಲ, ಮಾಯನ್ನರು ಕಟ್ಟಿದ ಗುಡಿ, ಮನೆ, ಅರಮನೆಗಳು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ 1956ರಿಂದ 1969ರವರೆಗೆ ಇಲ್ಲಿ ಉತ್ಖನನ ಮಾಡಿದಾಗ ಈ ಮಾಯನ್ ನಗರದ ನಡುಭಾಗದ 16 ಚದರ ಕಿ.ಮೀ.ಯಲ್ಲೇ ಸುಮಾರು 3,000 ಕಟ್ಟಡಗಳು ನಕ್ಷೆಗೆ ಬಂದವು. ಪೂರ್ತಿ ಬಿಡಿಸಿ ನಿಲ್ಲಿಸಿದವು ಬೆರಳೆಣಿಕೆಯಷ್ಟು. ಉಳಿದವು ಮಣ್ಣು, ಬೇರು, ತರಗೆಲೆಯ ಕೆಳಗಿವೆ. ಹಾಗಿರುವುದು ಒಳ್ಳೆಯದೇ. ತೆರೆದಿಟ್ಟ ಸುಣ್ಣಕಲ್ಲನ್ನು ಅಲ್ಲಿನ ಮಳೆ ಬೇಗ ತಿನ್ನುತ್ತದೆ, ಮುಚ್ಚಿದ ಮಣ್ಣು ಕಾಯುತ್ತದೆ.

ದಿಬ್ಬದ ಮುಂದೆ ನಿಂತು, ಇದು ಮೆಟ್ಟಿಲು, ಅದು ಅಂಗಳ, ಆ ತಗ್ಗು ಒಂದು ಕಾಲದ ಕೆರೆ ಎಂದು ತೋರಿಸಬಲ್ಲವರು ಇಲ್ಲಿನ ಗೈಡ್‌ಗಳು. ಅವರಿಗೆ ದೇಶದ ಪ್ರವಾಸೋದ್ಯಮ ಸಂಸ್ಥೆಯಾದ ಇನ್‌ಗುವಾಟ್ ಪರವಾನಗಿ ಕೊಡುತ್ತದೆ. ಈ ಲೇಖನ ಟಿಕಾಲ್‌ನ ಕಲ್ಲುಗಳ ಜೊತೆಗೆ ಅವರ ಕಸುಬಿನ ಕುರಿತೂ ಹೌದು. ಮಾಯನ್ ನಗರಗಳು ಬೇರೆಯೂ ಇವೆ. ಮೆಕ್ಸಿಕೋದಲ್ಲಿ ಚಿಚೆನ್ ಇಟ್ಸಾ, ಪಾಲೆಂಕೆ, ಹೊಂಡುರಾಸ್‌ನಲ್ಲಿ ಕೊಪಾನ್. ಅಮೆರಿಕದಲ್ಲಿರುವ ಕನ್ನಡಿಗರು ಕ್ಯಾಂಕೂನ್ ಕಡಲತೀರಕ್ಕೆ ಹೋದಾಗ ಚಿಚೆನ್ ಇಟ್ಸಾ ನೋಡಿ ಬರುವುದುಂಟು. ಅಲ್ಲಿ ಬಯಲಿನ ನಡುವೆ ಪಿರಮಿಡ್ಡು ತಾನಾಗಿ ಕಣ್ಣಿಗೆ ಬೀಳುತ್ತದೆ. ಟಿಕಾಲ್ ಹಾಗಲ್ಲ. 576 ಚದರ ಕಿ.ಮೀ. ಹರಡಿದ ಈ ಉದ್ಯಾನವನ್ನು ಯುನೆಸ್ಕೋ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಗರ, ಕಾಡು ಎರಡನ್ನೂ ಲೆಕ್ಕಕ್ಕೆ ಹಿಡಿಯಿತು. ಎರಡನ್ನೂ ಬಲ್ಲವರು ಜೊತೆಗಿಲ್ಲದಿದ್ದರೆ ಅರ್ಧ ಟಿಕಾಲ್ ಮಾತ್ರ ಕಾಣುತ್ತದೆ.

ಪೆತೆನ್ ಇಟ್ಸಾ ಸರೋವರದೊಳಗಿನ ಫ್ಲೋರೆಸ್ ಎಂಬ ದ್ವೀಪಪಟ್ಟಣದಲ್ಲಿ ರಾತ್ರಿ ತಂಗಿ ನಸುಕಿನಲ್ಲೇ ಹೊರಡುವುದು ರೂಢಿ. ಅಲ್ಲಿಂದ ಸುಮಾರು 65 ಕಿ.ಮೀ. ದಾರಿ. ಹಂಚಿಕೊಂಡು ಹೋಗುವ ವ್ಯಾನುಗಳಿವೆ, ಇಪ್ಪತ್ತು ಜನರ ಗುಂಪಿಗೆ ಒಬ್ಬ ಗೈಡ್ ಸಿಗುವ ಟಿಕೆಟ್ಟೂ ಇದೆ. ನಿಮ್ಮವರಿಗಷ್ಟೇ ಒಬ್ಬರನ್ನು ಗೊತ್ತುಮಾಡಿಕೊಂಡರೆ ಖರ್ಚು ಹೆಚ್ಚು. ಆದರೂ ನಾನು ಅದನ್ನೇ ಹೇಳುತ್ತೇನೆ. ಗುಂಪಿನಲ್ಲಿ ಹೋದವರು ಗೋಪುರ ಹತ್ತುತ್ತಾರೆ, ನರಬಲಿಯ ಕಥೆ ಕೇಳುತ್ತಾರೆ, 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಬಂದ ನೋಟ ಇದೇ ಎಂದು ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಬಲಿ ಇಲ್ಲಿ ನಡೆದದ್ದು ನಿಜ, ಮುಚ್ಚಿಡಬೇಕಿಲ್ಲ. ಒಂದು ಸಾವಿರ ವರ್ಷಕ್ಕೂ ಮೀರಿ ಬಾಳಿದ ಊರಿನ ಬಗ್ಗೆ ಅದೊಂದನ್ನೇ ಹೇಳಿ ಮುಗಿಸುವುದು ಅನ್ಯಾಯ. ಒಬ್ಬರೇ ಗೈಡ್ ನಿಮ್ಮ ನಡಿಗೆಗೆ ಹೆಜ್ಜೆ ಹೊಂದಿಸಿದಾಗ ನಿಲ್ಲಬೇಕಾದ ಕಡೆ ನಿಲ್ಲಬಹುದು, ಕೇಳಿದ್ದನ್ನೇ ಮತ್ತೆ ಕೇಳಬಹುದು.

ಒಳ್ಳೆಯ ಗೈಡ್ ಸಾಮಾನ್ಯವಾಗಿ ಕಾಡಿನಿಂದ ಶುರುಮಾಡುತ್ತಾರೆ. ಹೌಲರ್ ಮಂಗಗಳ ಗರ್ಜನೆ ಕೇಳಿ ಬೆಚ್ಚಿದವರಿಗೆ ಆ ಸದ್ದು ಎಷ್ಟು ದೂರದ್ದೆಂದು ಹೇಳುತ್ತಾರೆ. ಆಲ್‌ಸ್ಪೈಸ್ ಎಲೆ ಹಿಸುಕಿ ಮೂಸಲು ಕೊಡುತ್ತಾರೆ. ಮಾಯನ್ನರ ಪೂಜೆಗೆ ಇಂದಿಗೂ ಬೇಕಾಗುವ ಕೋಪಲ್ ಧೂಪ ಯಾವ ಮರದ ಅಂಟು ಎಂದು ತೋರಿಸುತ್ತಾರೆ. ಪ್ರವೇಶದ ಹಾದಿಯಲ್ಲಿ ಸಿಗುವ ಭಾರೀ ಸೇಬಾ ಮರ ನಮಗೂ ಗೊತ್ತಿರುವ ಬಿಳಿ ಬೂರುಗವೇ. ಮಾಯನ್ನರಿಗೆ ಅದು ಪಾತಾಳ, ಭೂಮಿ, ಆಕಾಶ ಮೂರನ್ನೂ ಹಿಡಿದು ನಿಂತ ಮರ. ಗ್ವಾಟೆಮಾಲಾದ ರಾಷ್ಟ್ರವೃಕ್ಷವೂ ಅದೇ.

ನಮ್ಮ ತೋಟಗಳ ಸಪೋಟದ ತವರು ಕೂಡ ಈ ಸೀಮೆ. ಕಾಡು ಸಪೋಟ ಇಲ್ಲಿ ಮೂವತ್ತು ಮೀಟರ್ ಎತ್ತರಕ್ಕೂ ಬೆಳೆಯುತ್ತದೆ. ಅದರ ಕಾಂಡದ ತುಂಬ ಓರೆಯಾಗಿ ಕೊಯ್ದ ಹಳೆಯ ಗಾಯಗಳಿರುತ್ತವೆ. ಚೂಯಿಂಗ್ ಗಮ್ ಒಂದು ಕಾಲಕ್ಕೆ ತಯಾರಾಗುತ್ತಿದ್ದದ್ದು ಈ ಮರದ ಹಾಲಿನಿಂದ. ಹಗ್ಗ ಕಟ್ಟಿ ಮರ ಹತ್ತಿ, ಮಳೆಗಾಲವಿಡೀ ಕಾಡಿನಲ್ಲೇ ಬೀಡುಬಿಟ್ಟು ಹಾಲು ಇಳಿಸುತ್ತಿದ್ದವರನ್ನು ಚಿಕ್ಲೆರೊ ಎನ್ನುತ್ತಿದ್ದರು. ಪೆತೆನ್‌ನ ಎಷ್ಟೋ ಅವಶೇಷಗಳು ವಿದ್ವಾಂಸರಿಗಿಂತ ಮುಂಚೆ ಇವರ ಕಣ್ಣಿಗೆ ಬಿದ್ದವು. ಟಿಕಾಲ್‌ನ ಸರ್ಕಾರಿ ಇತಿಹಾಸವೂ 1848ರಲ್ಲಿ ಮೊದೆಸ್ತೊ ಮೆಂದೆಸ್ ಎಂಬ ಅಧಿಕಾರಿ ಅಂಬ್ರೊಸಿಯೊ ತುತ್ ಎಂಬ ಸ್ಥಳೀಯನ ಜೊತೆ ಬಂದದ್ದರಿಂದ ಆರಂಭವಾಗುತ್ತದೆ. ದಾರಿ ತೋರಿಸುವವರು ಅಂದೂ ಇದ್ದರು.

ಸಪೋಟದ ಮರ ಕಬ್ಬಿಣದಷ್ಟು ಗಟ್ಟಿ. ಗುಡಿಗಳ ಬಾಗಿಲ ಮೇಲಿನ ತೊಲೆಗಳನ್ನು ಮಾಯನ್ನರು ಅದರಲ್ಲೇ ಮಾಡಿ ಚಿತ್ರ, ಲಿಪಿ ಕೆತ್ತಿದರು. ಸಾವಿರಕ್ಕೂ ಹೆಚ್ಚು ವರ್ಷ ಗೆದ್ದಲು, ಮಳೆ ತಡೆದು ಅವು ಉಳಿದವು. ಆದರೆ ಇಲ್ಲಿ ನಾಲ್ಕನೇ ಗುಡಿ ಎಂದು ಎಣಿಸುವ ಗೋಪುರದ ಶ್ರೇಷ್ಠ ತೊಲೆಯನ್ನು ನೋಡಲು ಸ್ವಿಟ್ಜರ್ಲೆಂಡ್‌ನ ಬಾಸೆಲ್‌ಗೆ ಹೋಗಬೇಕು. ಗುಸ್ತಾವ್ ಬರ್ನೂಲಿ ಎಂಬ ಸ್ವಿಸ್ ವೈದ್ಯ 1877ರಲ್ಲಿ ಇಲ್ಲಿಗೆ ಬಂದು, ತೊಲೆಗಳನ್ನು ಕೀಳಿಸಿ ಸಾಗಿಸುವ ಏರ್ಪಾಡು ಮಾಡಿದ. ಅವು ಬಾಸೆಲ್‌ನ ಮ್ಯೂಸಿಯಂ ಸೇರಿದವು. ಟಿಕಾಲ್‌ನ ಗೈಡ್‌ಗಳು ಚೀಲದಲ್ಲಿ ಫೋಟೋಗಳ ಕಡತ ಇಟ್ಟುಕೊಳ್ಳುವುದಕ್ಕೆ ಇಂಥವೂ ಕಾರಣ. ಗುಡಿ ಇಲ್ಲಿದೆ, ಕೆತ್ತನೆ ಅಲ್ಲಿದೆ. ಕಮಾನಿನಂತೆ ಬಾಗಿದ ಗರಿಸರ್ಪದ ಕೆಳಗೆ ರಾಜ ಕೂತಿರುವ ಆ ಚಿತ್ರವನ್ನು ಅದು ಹುಟ್ಟಿದ ಜಾಗದಲ್ಲಿ ಕಾಗದದ ಮೇಲೆ ನೋಡಬೇಕಾಗಿ ಬಂದಿರುವುದು ನೋವಿನ ಸಂಗತಿ.

ನಾಲ್ಕನೇ ಗುಡಿ ಸುಮಾರು 65 ಮೀಟರ್ ಎತ್ತರ. ಕ್ರಿ.ಶ. 741ರ ಸುಮಾರಿಗೆ ಯಿಕಿನ್ ಚಾನ್ ಕವೀಲ್ ಎಂಬ ರಾಜ ಕಟ್ಟಿಸಿದ್ದು. ಪಕ್ಕದಲ್ಲಿ ಮರದ ಮೆಟ್ಟಿಲು ಹಾಕಿದ್ದಾರೆ. ಮೇಲಿಂದ ನೋಡಿದರೆ ಹಸಿರು ಛಾವಣಿಯ ಮೇಲೆ ಗೋಪುರಗಳ ತುದಿಗಳಷ್ಟೇ ಕಾಣುತ್ತವೆ. ಇಲ್ಲಿ ಗೈಡ್‌ಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಇಷ್ಟು ಜನ ಏನು ಕುಡಿಯುತ್ತಿದ್ದರು? ಟಿಕಾಲ್‌ಗೆ ನದಿಯಿಲ್ಲ. ವರ್ಷದಲ್ಲಿ ಹಲವು ತಿಂಗಳು ಮಳೆಯೂ ಇಲ್ಲ. ಹತ್ತಾರು ಸಾವಿರ ಜನರ ನಗರ ಬದುಕಿದ್ದು ಮಳೆನೀರಿನ ಮೇಲೆ. ಗಾರೆ ಬಳಿದ ವಿಶಾಲ ಅಂಗಳಗಳನ್ನು ತುಸು ಇಳಿಜಾರಾಗಿ ಕಟ್ಟಿ, ಬಿದ್ದ ನೀರೆಲ್ಲ ಕೆರೆಗಳಿಗೆ ಹರಿಯುವಂತೆ ಮಾಡಿದ್ದರು. ನಾವು ನಡೆದುಬಂದ ಎತ್ತರದ ರಸ್ತೆಗಳಲ್ಲಿ ಕೆಲವು ಕೆರೆ ಏರಿಯಾಗಿಯೂ ಕೆಲಸ ಮಾಡುತ್ತಿದ್ದವು. ಕೆರೆ ಕಟ್ಟೆ ಕಟ್ಟಿ ಬಾಳಿದ ನಾಡಿನಿಂದ ಹೋದ ನಮಗೆ ಈ ಜಾಣ್ಮೆ ಗೋಪುರದ ಎತ್ತರಕ್ಕಿಂತ ಬೇಗ ಮನಸ್ಸಿಗೆ ಇಳಿಯುತ್ತದೆ.

2020ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳು ಈ ಕೆರೆಗಳ ಕಥೆಯನ್ನೇ ಬದಲಿಸಿದವು. ಕೊರಿಯೆಂತಾಲ್ ಎಂಬ ಕೆರೆಯ ಹೂಳಿನಲ್ಲಿ ಸ್ಫಟಿಕದ ಮರಳು ಮತ್ತು ಜಿಯೊಲೈಟ್ ಖನಿಜ ಸಿಕ್ಕಿತು. ಜಿಯೊಲೈಟ್ ಇಂದಿಗೂ ನೀರು ಸೋಸಲು ಬಳಕೆಯಲ್ಲಿರುವ ವಸ್ತು. ಸುಮಾರು 30 ಕಿ.ಮೀ. ದೂರದಿಂದ ಅದನ್ನು ತಂದು, ಎರಡು ಸಾವಿರ ವರ್ಷಗಳ ಹಿಂದೆಯೇ ನೀರು ಶುದ್ಧಿ ಮಾಡುತ್ತಿದ್ದರೆಂಬುದು ಸಂಶೋಧಕರ ತೀರ್ಮಾನ. ಅರಮನೆಗೆ ಹೊಂದಿದ ಕೆರೆಗಳದ್ದು ಬೇರೆ ಗತಿ. ಗೋಡೆಗಳಿಗೆ ಬಳಿಯುತ್ತಿದ್ದ ಕೆಂಪು ಹಿಂಗುಳೀಕದ ಪಾದರಸ ಮಳೆಯಲ್ಲಿ ತೊಳೆದುಹೋಗಿ ಆ ಕೆರೆಗಳಿಗೆ ಇಳಿದಿತ್ತು, ವಿಷಕಾರಿ ಪಾಚಿಯೂ ಬೆಳೆದಿತ್ತು. ರಾಜರ ಮಗ್ಗುಲಿನ ನೀರೇ ಕೆಟ್ಟಿತ್ತು.

ಗೈಡ್ ಕಸುಬಿನ ಮರ್ಮ ಇಲ್ಲಿದೆ ಎಂದು ನನಗನ್ನಿಸುತ್ತದೆ. ಟಿಕಾಲ್‌ನ ಬಗ್ಗೆ ಒಮ್ಮೆ ಬಾಯಿಪಾಠ ಮಾಡಿದ್ದು ಕೊನೆಯವರೆಗೆ ಸಾಗುವುದಿಲ್ಲ. 1956ರಲ್ಲಿ ಉತ್ಖನನ ಶುರುವಾದಾಗ ಇಲ್ಲಿನ ರಾಜರ ಹೆಸರುಗಳೇ ತಿಳಿದಿರಲಿಲ್ಲ. ಶಾಸನಗಳಲ್ಲಿ ಬರೀ ತಿಥಿ, ಗ್ರಹಗತಿ ಇದೆ ಎಂದು ದೊಡ್ಡ ವಿದ್ವಾಂಸರೇ ನಂಬಿದ್ದರು. ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ ಆ ಲಿಪಿಯಲ್ಲಿ ಉಚ್ಚಾರಣೆಯ ಅಕ್ಷರಗಳಿವೆ ಎಂದು ತೋರಿಸಿದ. 1960ರಲ್ಲಿ ವಿದುಷಿ ತತಿಯಾನಾ ಪ್ರೊಸ್ಕುರಿಯಾಕಾಫ್ ಪಿಯೆದ್ರಾಸ್ ನೆಗ್ರಾಸ್ ಎಂಬ ನಗರದ ಶಾಸನಗಳಿಂದ, ಇವು ಅರಸರ ಹುಟ್ಟು, ಪಟ್ಟಾಭಿಷೇಕಗಳ ದಾಖಲೆ ಎಂದು ಸಾಬೀತುಮಾಡಿದಳು. 2018ರಲ್ಲಿ ವಿಮಾನದಿಂದ ಲೇಸರ್ ಹಾಯಿಸಿ ಪೆತೆನ್‌ನ 2,100 ಚದರ ಕಿ.ಮೀ. ಅಳೆದ ಫಲಿತಾಂಶ ಬಂತು. ಕಾಡಿನಡಿ 60,000ಕ್ಕೂ ಹೆಚ್ಚು ರಚನೆಗಳು! ಈ ಒಂದೊಂದು ಸುದ್ದಿ ಬಂದಾಗಲೂ ಗೈಡ್ ತನ್ನ ಮಾತು ತಿದ್ದಿಕೊಳ್ಳಬೇಕು. ತಿದ್ದಿಕೊಂಡವರನ್ನೇ ಹುಡುಕಬೇಕು.

ದೊಡ್ಡ ಅಂಗಳದಲ್ಲಿ ಒಂದನೇ ಗುಡಿ, ಎರಡನೇ ಗುಡಿ ಎದುರುಬದುರು ನಿಂತಿವೆ. ಒಂದನೆಯದು ಸುಮಾರು 47 ಮೀಟರ್. ಅದರ ಮೇಲೆ ಈಗ ಹತ್ತಲು ಬಿಡುವುದಿಲ್ಲ. ಹಸಾವ್ ಚಾನ್ ಕವೀಲ್ ಎಂಬ ರಾಜನ ಸಮಾಧಿ ಅದರ ಅಡಿಯಲ್ಲಿ 1962ರಲ್ಲಿ ಸಿಕ್ಕಿತು. ಈತ ಏಕೆ ದೊಡ್ಡವನು ಎಂದು ಗೈಡ್ ಹೇಳುವಾಗ ನೆರಳಲ್ಲಿ ಕೂತು ಕೇಳಿ. 562ರಲ್ಲಿ ಟಿಕಾಲ್ ಯುದ್ಧದಲ್ಲಿ ಸೋತಿತು. ಆಮೇಲೆ 130 ವರ್ಷ ಇಲ್ಲಿ ಕಾಲ ನಮೂದಿಸಿದ ಹೊಸ ಶಿಲಾಸ್ತಂಭವೇ ಇಲ್ಲ. ಹಸಾವ್ 695ರಲ್ಲಿ ಬದ್ಧವೈರಿ ನಗರ ಕಲಾಕ್ಮುಲ್‌ನ ರಾಜನನ್ನು ಸೋಲಿಸಿದ ಮೇಲೆ ನಗರ ತಲೆಯೆತ್ತಿತು. ನಾವು ಕಣ್ತುಂಬ ನೋಡುವ ಎತ್ತರದ ಗುಡಿಗಳಲ್ಲಿ ಹೆಚ್ಚಿನವು ಈ ಗೆಲುವಿನ ನಂತರದ ಒಂದೂವರೆ ಶತಮಾನದಲ್ಲಿ ಎದ್ದವು. ನಾಲ್ಕನೇ ಗುಡಿ ಕಟ್ಟಿಸಿದವನು ಇವನ ಮಗ.

ಕಾಲಗಣನೆ ಕೇಳದೆ ಬರಬಾರದು. 360 ದಿನಗಳ 20 ವರ್ಷ ತುಂಬಿದಾಗಲೊಮ್ಮೆ ಟಿಕಾಲ್‌ನವರು ಜೋಡಿ ಪಿರಮಿಡ್ಡು ಕಟ್ಟಿ ಆಚರಿಸುತ್ತಿದ್ದರು. 771ರದ್ದು ಪ್ರವೇಶದ್ವಾರದಿಂದ ದೂರವಿಲ್ಲ. ಅವರ ದೀರ್ಘ ಗಣನೆಯ ಮೊದಲ ದಿನ ಕ್ರಿ.ಪೂ. 3114ರ ಆಗಸ್ಟ್‌ಗೆ ಬೀಳುತ್ತದೆ. ನಮ್ಮ ಪಂಚಾಂಗದ ಕಲಿಯುಗ ಕ್ರಿ.ಪೂ. 3102ಕ್ಕೆ. ಅಂತರ 12 ವರ್ಷ ಎಂದು ಕೇಳಿದ ಭಾರತೀಯರು ಪುಳಕಗೊಳ್ಳುತ್ತಾರೆ. ಮಯಾಸುರನೇ ಇವರ ಮೂಲಪುರುಷ ಎನ್ನುವವರಿಗೂ ಕೊರತೆಯಿಲ್ಲ. ಎರಡು ಗಣನೆಗಳಿಗೂ ಸಂಬಂಧವಿದೆ ಎನ್ನಲು ಆಧಾರವಿಲ್ಲ. ಸೊನ್ನೆಯನ್ನೂ ಇಪ್ಪತ್ತರ ಲೆಕ್ಕವನ್ನೂ ಈ ಸೀಮೆಯ ಜನ ತಾವೇ ಕಂಡುಕೊಂಡು ಈ ಎತ್ತರ ತಲುಪಿದರು. ಅದರ ಶ್ರೇಯಸ್ಸನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ತರವಲ್ಲ. 2012ರ ಡಿಸೆಂಬರ್‌ನಲ್ಲಿ ನಮ್ಮ ಟಿವಿ ವಾಹಿನಿಗಳವರೆಗೆ ಹಬ್ಬಿದ ಪ್ರಳಯದ ಗುಲ್ಲಿಗೂ ಮಾಯನ್ ಶಾಸನಗಳಲ್ಲಿ ಆಸರೆ ಇರಲಿಲ್ಲ. ಒಂದು ದೊಡ್ಡ ಸುತ್ತು ಮುಗಿದು ಇನ್ನೊಂದು ಶುರುವಾಯಿತು, ಅಷ್ಟೇ.

ಎಲ್ಲರೂ ಕೇಳುವ ಪ್ರಶ್ನೆ, ಮಾಯನ್ನರು ಎಲ್ಲಿಗೆ ಹೋದರು ಎಂಬುದು. ಟಿಕಾಲ್‌ನ ಕಾಲ ನಮೂದಿಸಿದ ಕೊನೆಯ ಶಿಲಾಸ್ತಂಭ 869ರದ್ದು. ಬರ, ಯುದ್ಧ, ಸವೆದ ನೆಲ, ಅರಸರ ಮೇಲೆ ಕಳೆದುಹೋದ ನಂಬಿಕೆ ಎಲ್ಲ ಕೂಡಿ ನಗರ ಬರಿದಾಯಿತು. ಜನ ಅಳಿಯಲಿಲ್ಲ, ಬೇರೆ ಕಡೆ ನೆಲೆನಿಂತರು. ನೀವು ಹಿಂದಿನ ರಾತ್ರಿ ಮಲಗಿದ್ದ ಫ್ಲೋರೆಸ್ ದ್ವೀಪವೇ ಇಟ್ಸಾ ಮಾಯನ್ನರ ರಾಜಧಾನಿ ನೊಹ್‌ಪೆತೆನ್ ಆಗಿತ್ತು. ಸ್ಪೇನಿನವರಿಗೆ ಅದು ಸೋತದ್ದು 1697ರ ಮಾರ್ಚ್‌ನಲ್ಲಿ, ನಮ್ಮಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲಕ್ಕೆ. 2018ರ ಜನಗಣತಿಯಲ್ಲಿ ಗ್ವಾಟೆಮಾಲಾದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ತಾವು ಮಾಯನ್ನರೆಂದು ಬರೆಸಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಮಾಯನ್ ಭಾಷೆಗಳು ಅಲ್ಲಿ ಜೀವಂತವಾಗಿವೆ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕ ಬಲಿಪಶುಗಳಲ್ಲಿ ನೂರಕ್ಕೆ 83 ಮಂದಿ ಮಾಯನ್ನರು. ನಿಮ್ಮ ಗೈಡ್ ಆ ವರ್ಷಗಳನ್ನು ಕಂಡವರ ಮನೆಯವರಾಗಿರಬಹುದು. ಅವರಾಗಿ ಹೇಳಿದರೆ ಕೇಳಿ, ಕೆದಕಬೇಡಿ.

ದೊಡ್ಡ ಅಂಗಳದಲ್ಲಿ ಬೂದಿಯ ಕಪ್ಪು ಹಿಡಿದ ದುಂಡು ವೇದಿಕೆಯೊಂದು ಕಾಣುತ್ತದೆ. ಮಾಯನ್ನರು ಇಂದಿಗೂ ಅಲ್ಲಿ ಕೋಪಲ್ ಧೂಪ, ಮೇಣದಬತ್ತಿ ಇಟ್ಟು ಅಗ್ನಿಪೂಜೆ ಮಾಡುತ್ತಾರೆ. ಪೂಜೆ ನಡೆಯುತ್ತಿದ್ದರೆ ಕೇಳದೆ ಕ್ಯಾಮೆರಾ ಎತ್ತಬಾರದು. ಎಲ್ಲಿ ನಿಲ್ಲಬೇಕು, ಎಲ್ಲಿ ಸರಿಯಬೇಕು ಎಂದು ಗೈಡ್ ಹೇಳುತ್ತಾರೆ.

ಗೈಡ್ ಗೊತ್ತುಮಾಡುವಾಗ ಪರವಾನಗಿಯ ಕಾರ್ಡು ನೋಡಿ. ಯಾವ ಭಾಷೆ ಎಂದು ಮೊದಲೇ ತಿಳಿದುಕೊಳ್ಳಿ, ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಸಿಗುತ್ತಾರೆ. ಹಕ್ಕಿ ಹೆಚ್ಚೋ ಶಾಸನ ಹೆಚ್ಚೋ ಎಂದು ನಿಮ್ಮ ಒಲವು ಹೇಳಿಬಿಟ್ಟರೆ ಅವರು ದಾರಿಯನ್ನು ಅದಕ್ಕೆ ತಕ್ಕಂತೆ ಹಿಡಿಯುತ್ತಾರೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಮಿಕ್ಕ ಕಾಲದಲ್ಲಿ ಕಲ್ಲು ಜಾರುತ್ತದೆ, ಸೊಳ್ಳೆ ಜಾಸ್ತಿ. ಬಿಸಿಲೇರುವ ಮುನ್ನ ನಾಲ್ಕನೇ ಗುಡಿ, ಮಧ್ಯಾಹ್ನ ಊಟದ ನಂತರ ಉದ್ಯಾನದ ಮ್ಯೂಸಿಯಂ ಎಂದು ಇಟ್ಟುಕೊಂಡರೆ ದಣಿವು ಕಡಿಮೆ. ಸಸ್ಯಾಹಾರಿಗಳಿಗೆ ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ, ಕಪ್ಪು ಬೀನ್ಸ್ ಕಾಳು, ಅನ್ನ ಸಿಗುತ್ತದೆ. ಕಾಳಿಗೆ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು.

ಇನ್ನೊಂದು ದಿನ ಕೈಯಲ್ಲಿದ್ದರೆ ಅದೇ ಗೈಡ್‌ನೊಂದಿಗೆ ಉತ್ತರಕ್ಕೆ ಸುಮಾರು 20 ಕಿ.ಮೀ. ಮಣ್ಣುರಸ್ತೆ ಹಿಡಿದು ವಾಶಾಕ್ತೂನ್‌ಗೆ ಹೋಗಿ. ಅದು ಚಿಕ್ಲೆರೊಗಳ ಬೀಡಿನಿಂದ ಬೆಳೆದ ಹಳ್ಳಿ. ನಡುವೆ ಹಳೆಯ ವಿಮಾನಪಟ್ಟಿ, ಸುತ್ತ ಮನೆಗಳು, ಅವುಗಳ ಹಿಂದೆ ಪಿರಮಿಡ್ಡುಗಳು. ಅಯನ, ವಿಷುವ ದಿನಗಳಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂಬುದಕ್ಕೆ ಹೊಂದಿಸಿ ಕಟ್ಟಿದ ಕಟ್ಟಡಗಳ ಗುಂಪನ್ನು ಪುರಾತತ್ವಜ್ಞ ಫ್ರಾನ್ಸ್ ಬ್ಲೊಮ್ 1924ರಲ್ಲಿ ಮೊದಲು ಗುರುತಿಸಿದ್ದು ಅಲ್ಲೇ. ಸುತ್ತಲ ಕಾಡನ್ನು ಊರಿನವರೇ ಸರ್ಕಾರದ ಒಪ್ಪಂದದಂತೆ ನೋಡಿಕೊಳ್ಳುತ್ತಾರೆ. ಊಟ, ವಸತಿ ಅವರಲ್ಲೇ ಸಿಗುತ್ತದೆ.