ಹೊಸ ಕಾರಿನ ಬಾಲಾರಿಷ್ಟಗಳು

ಪೂಜೆ ಮಾಡಿಸಿ, ನಿಂಬೆಹಣ್ಣುಗಳ ಮೇಲೆ ಚಕ್ರ ಹಾಯಿಸಿ ಮನೆಗೆ ತಂದ ಹೊಸ ಕಾರು, ವಾರ ಕಳೆಯುವುದರೊಳಗಾಗಿ ಡ್ಯಾಶ್‌ಬೋರ್ಡಿನಲ್ಲಿ ಹಳದಿಯ ದೀಪವೊಂದನ್ನು ಬೆಳಗಿಸಿ ನಿಂತಿತೆಂದರೆ ಅದರ ಯಜಮಾನನಿಗಾಗುವ ಕ್ಲೇಶವು, ಹಳೆಯ ಕಾರು ಕೆಟ್ಟಾಗ ಆಗುವ ಕ್ಲೇಶಕ್ಕಿಂತ ಬೇರೆಯ ಜಾತಿಯದು. ಹಳೆಯದು ಕೆಟ್ಟರೆ, ದುಡಿದು ಸವೆಯಿತೆಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಹೊಸದು ಕೆಟ್ಟರೆ ಮೋಸಹೋದೆನೆಂಬ ಭಾವನೆಯೇ ಮೊದಲು ತಲೆಯೆತ್ತುತ್ತದೆ. ಆದರೆ ಯಂತ್ರಗಳ ಆಯುಷ್ಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದೇ ಬಗೆಯ ಸಹಸ್ರಾರು ಯಂತ್ರಗಳು ಯಾವ ಯಾವ ವಯಸ್ಸಿನಲ್ಲಿ ಎಷ್ಟೆಷ್ಟು ಕೆಡುತ್ತವೆಂಬುದನ್ನು ರೇಖೆಯಾಗಿ ಎಳೆದು ನೋಡಿದರೆ, ಅದು ಅನೇಕ ವೇಳೆ ಆರಂಭದ ಎತ್ತರದಿಂದ ಕೆಳಗಿಳಿದು, ನಡುವೆ ಬಹುಕಾಲ ಸಮತಲವಾಗಿ ಸಾಗಿ, ಸವೆತದ ಕಾಲ ಸಮೀಪಿಸಿದಾಗ ಪುನಃ ಮೇಲೇರುತ್ತದೆ. ಸ್ನಾನದ ತೊಟ್ಟಿಯ ಆಕಾರವುಳ್ಳದ್ದಾದ್ದರಿಂದ ಎಂಜಿನಿಯರುಗಳು ಅದನ್ನು ತೊಟ್ಟಿಯ ರೇಖೆಯೆಂದೇ ಕರೆಯುತ್ತಾರೆ. ಹೊಸ ಕಾರಿನ ತೊಂದರೆಗಳೆಲ್ಲವೂ ಆ ರೇಖೆಯ ಎಡದಂಡೆಯವು, ಅಂದರೆ ಬಾಲಾರಿಷ್ಟಗಳು.

ಈ ಬಾಲಾರಿಷ್ಟಗಳ ಕಾರಣವನ್ನು ಹುಡುಕಹೊರಟವನು ಮೊದಲು ಮನಗಾಣಬೇಕಾದ ಸಂಗತಿಯೊಂದುಂಟು. ಸಣ್ಣ ತಿರುಪುಗಳನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಅವು ಒಂದೊಂದೂ ಪರೀಕ್ಷೆಗೆ ಒಳಗಾಗಿ ಬಂದಿರಬಹುದು. ಆದರೆ ಅವುಗಳನ್ನು ಒಂದಕ್ಕೊಂದು ಕೂಡಿಸಿದ ಸಂಧಿಸ್ಥಾನಗಳು ಮಾತ್ರ ಕಾರ್ಖಾನೆಯ ಕೊನೆಯ ಸಾಲಿನಲ್ಲಿ, ನಿಮಿಷಗಳ ಅವಧಿಯಲ್ಲಿ ಹುಟ್ಟಿದವು. ಆದಕಾರಣ ಹಳೆಯ ಕಾರಿನಲ್ಲಿ ‘ಏನು ಸವೆದಿದೆ?’ ಎಂಬುದು ಮೊದಲ ಪ್ರಶ್ನೆಯಾದರೆ, ಹೊಸದರಲ್ಲಿ ‘ಎಲ್ಲಿ ಸರಿಯಾಗಿ ಕೂಡಿಲ್ಲ?’ ಎಂಬುದು ಮೊದಲ ಪ್ರಶ್ನೆಯಾಗಬೇಕು. ಪೂರ್ತಿಯಾಗಿ ಒತ್ತಿ ಕೂಡಿಸದ ಕನೆಕ್ಟರ್, ಬಿಗಿಯದೆ ಉಳಿದ ಕ್ಲಿಪ್ಪು, ಬಣ್ಣದ ಪದರದ ಮೇಲೆಯೇ ಕೂತ ಅರ್ಥಿಂಗ್ ಬೋಲ್ಟು, ಇಂಥವೇ ಇಲ್ಲಿನ ಸಾಮಾನ್ಯ ಅಪರಾಧಿಗಳು. ಕಾರ್ಖಾನೆಯ ಸಂಧಿಗಳ ಜೊತೆಗೆ, ಮಾರಾಟದ ಮಳಿಗೆಯಲ್ಲಿ ಅವಸರವಸರವಾಗಿ ಹಾಕಿಕೊಟ್ಟ ಹೆಚ್ಚುವರಿ ಸಲಕರಣೆಗಳ ಸಂಧಿಗಳನ್ನೂ ಸೇರಿಸಿಕೊಳ್ಳತಕ್ಕದ್ದು. ಕ್ಯಾಮರಾಕ್ಕೆಂದೋ ದೀಪಕ್ಕೆಂದೋ ಮೂಲತಂತಿಯ ಹೊದಿಕೆಯನ್ನು ಸೀಳಿ, ಹೆಣೆದು, ಟೇಪು ಸುತ್ತಿದ ಜಾಗವೊಂದಿದ್ದರೆ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸುವುದು ಲೇಸು.

ಒಮ್ಮೊಮ್ಮೆ ಒಂದೇ ಬೆಳಿಗ್ಗೆ ಬ್ರೇಕಿನ ದೀಪ, ಸ್ಟೀರಿಂಗಿನ ದೀಪ, ಎಂಜಿನ್ನಿನ ದೀಪಗಳೆಲ್ಲವೂ ಒಟ್ಟಿಗೆ ಹೊತ್ತಿಕೊಂಡು, ಇಡೀ ವಾಹನವೇ ನಿರ್ನಾಮವಾಯಿತೇನೋ ಎಂಬಂತೆ ತೋರುವುದುಂಟು. ಪರಸ್ಪರ ಸಂಬಂಧವಿಲ್ಲದ ಇಷ್ಟು ಅಂಗಗಳು ಏಕಕಾಲದಲ್ಲಿ ಕೆಡುವ ಸಂಭವ ಅತ್ಯಲ್ಪವಾದ್ದರಿಂದ, ಅವೆಲ್ಲಕ್ಕೂ ಸಮಾನವಾದ ಮೂಲವನ್ನು, ಅಂದರೆ ಬ್ಯಾಟರಿಯನ್ನು, ಮೊದಲು ನೋಡಬೇಕು. ಕಾರ್ಖಾನೆ ಬಿಟ್ಟ ಕಾರು ಗಿರಾಕಿಯ ಕೈಸೇರುವ ಮುನ್ನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಬಯಲಿನ ದಾಸ್ತಾನು ಅಂಗಳದಲ್ಲಿ ನಿಂತಿರುತ್ತದೆ. ನಿಂತ ಕಾರೂ ನಿದ್ರೆಯಲ್ಲಿ ಅಷ್ಟಿಷ್ಟು ವಿದ್ಯುತ್ತನ್ನು ಕುಡಿಯುತ್ತಲೇ ಇರುತ್ತದೆ: 50 ಮಿಲಿಆಂಪಿಯರ್ ಎಂದು ಹಿಡಿದರೆ, 45 ಆಂಪಿಯರ್-ಗಂಟೆಯ ಬ್ಯಾಟರಿಯೊಂದು ಲೆಕ್ಕದ ಪ್ರಕಾರ 900 ಗಂಟೆಗಳಲ್ಲಿ, ಎಂದರೆ ಐದಾರು ವಾರಗಳಲ್ಲಿ, ಬರಿದಾಗಿಬಿಡುತ್ತದೆ. ಬರಿದಾಗಿ ಬಿದ್ದಿದ್ದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂರುತ್ತವೆ. ಮತ್ತೆ ಚಾರ್ಜು ಮಾಡಿದರೂ ಮೊದಲಿನ ಕಸುವು ಪೂರ್ತಿಯಾಗಿ ಮರಳುವುದಿಲ್ಲ. ಹೊಸ ಕಾರಿನಲ್ಲಿ ಹೊಸದಲ್ಲದ ಬ್ಯಾಟರಿಯಿರುವುದು ಹೀಗೆ. ಅದರ ಮೇಲೆ ಸ್ಟಾರ್ಟರ್ ಮೋಟಾರು ನೂರಕ್ಕೂ ಮಿಕ್ಕಿ ಆಂಪಿಯರುಗಳನ್ನು ಎಳೆದಾಗ ವೋಲ್ಟೇಜು ಕುಸಿಯುತ್ತದೆ, ಗಣಕಘಟಕಗಳು ಕ್ಷಣಕಾಲ ಎಚ್ಚರ ತಪ್ಪುತ್ತವೆ, ಒಂದೊಂದೂ ತನ್ನ ತನ್ನ ದೀಪವನ್ನು ಹೊತ್ತಿಸುತ್ತದೆ. ಸಾಧಾರಣ ಮಲ್ಟಿಮೀಟರೊಂದು ಕೈಯಲ್ಲಿದ್ದರೆ ಇದನ್ನು ಯಾರು ಬೇಕಾದರೂ ಅರಿಯಬಹುದು: ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12ರ ಆಸುಪಾಸಿನಲ್ಲಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ನಡೆಯುತ್ತಿರುವಾಗ 14ರ ಸುತ್ತಮುತ್ತ ತೋರಿದರೆ ಆಲ್ಟರ್ನೇಟರ್ ತನ್ನ ಕೆಲಸವನ್ನು ಮಾಡುತ್ತಿದೆ. ಅನೇಕ ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟೇಜನ್ನು ಆಗಾಗ ಏರಿಳಿಸುವುದರಿಂದ, ಒಂದು ಸಲದ ಅಂಕಿಯಿಂದಲೇ ತೀರ್ಪು ಕೊಡಲಾಗದು.

ದೀಪ ಒಂದೇ ಹೊತ್ತಿದಾಗ ವಿಚಾರವು ಇನ್ನೂ ಸೂಕ್ಷ್ಮವಾಗುತ್ತದೆ. ಸ್ಟೀರಿಂಗಿನ ಕೆಳಭಾಗದ ಹದಿನಾರು ಸೂಜಿಗಳ ಸಾಕೆಟ್ಟಿಗೆ ಮೆಕ್ಯಾನಿಕ್ಕನು ಸ್ಕ್ಯಾನರನ್ನು ಚುಚ್ಚಿದ ಕೂಡಲೆ ದೋಷಸಂಕೇತವೊಂದು ಪರದೆಯ ಮೇಲೆ ಮೂಡುತ್ತದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾದ ಈ ಪದ್ಧತಿ ಇಂದು ನಮ್ಮಲ್ಲಿಯೂ ಸಾರ್ವತ್ರಿಕವಾಗಿದೆ. ಸಂಕೇತವು ಅಪರಾಧಿಯ ಹೆಸರಲ್ಲ, ಸಾಕ್ಷಿಯ ಹೇಳಿಕೆ ಮಾತ್ರವೆಂಬುದನ್ನು ಮರೆತಲ್ಲಿ ಅನರ್ಥ ಆರಂಭವಾಗುತ್ತದೆ. ಪಿ0171 ಎಂಬ ಸಂಕೇತವನ್ನೇ ತೆಗೆದುಕೊಳ್ಳೋಣ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿದೆಯೆಂಬುದು ಅದರ ಅರ್ಥ. ಹೊಗೆಕೊಳವೆಯಲ್ಲಿ ಕುಳಿತ ಆಮ್ಲಜನಕದ ಸಂವೇದಕವು, ಸುಟ್ಟ ಅನಿಲದಲ್ಲಿ ಆಮ್ಲಜನಕವು ಮಿತಿಮೀರಿ ಉಳಿದಿರುವುದನ್ನು ಕಂಡು ವರದಿ ಮಾಡಿದೆ. ಎಂಜಿನ್ನಿನ ಕಂಪ್ಯೂಟರು ಅದನ್ನು ನಂಬಿ, ಇಂಧನವನ್ನು ಹೆಚ್ಚಿಸುತ್ತ ಹೆಚ್ಚಿಸುತ್ತ ಹೋಗಿ, ತನ್ನ ತಿದ್ದುಪಡಿಯ ಮಿತಿಯನ್ನು ಮುಟ್ಟಿದಾಗ ದೀಪ ಹೊತ್ತಿಸಿದೆ. ವರದಿ ಮಾಡಿದ ಸಂವೇದಕವನ್ನೇ ಕೆಟ್ಟಿತೆಂದು ಕಿತ್ತೆಸೆದು ಹೊಸದನ್ನು ಹಾಕಿದರೆ, ಹೊಸದೂ ಅದನ್ನೇ ಹೇಳುತ್ತದೆ. ನಿಜವಾಗಿ ನಡೆದಿರುವುದೇನೆಂದರೆ, ಒಳಬರುವ ಗಾಳಿಯನ್ನು ಅಳೆಯುವ ಉಪಕರಣವನ್ನು ದಾಟಿದ ಮೇಲೆ ರಬ್ಬರು ಕೊಳವೆಯೊಂದರ ಕ್ಲಾಂಪು ಬಿಗಿಯಾಗಿ ಕೂರದೆ, ಆ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ಇದನ್ನು ಕಂಡುಹಿಡಿಯುವ ಉಪಾಯ ಬಹು ಸೊಗಸಾದದ್ದು: ಎಂಜಿನ್ನನ್ನು ನಿಲ್ಲಿಸಿ, ಗಾಳಿಯ ಹಾದಿಗೆ ಮೆಲುವಾದ ಒತ್ತಡದಲ್ಲಿ ಬಿಳಿಯ ಹೊಗೆಯನ್ನು ತುಂಬಿ ಕಾದರೆ, ಸೋರುವ ಸಂಧಿಯಿಂದ ಎಳೆಯೊಂದು ಮೇಲೇಳುತ್ತದೆ. ಎಲೆಕ್ಟ್ರಾನಿಕ್ ದೋಷವೆಂದು ತೋರಿದ್ದು ಕಡೆಗೆ ತಿರುಪಿನ ಎರಡು ಸುತ್ತಿನಿಂದ ಗುಣವಾಗುತ್ತದೆ.

ಯಾಂತ್ರಿಕವೆಂದು ತೋರಿದ ದೋಷವು ಕಡೆಗೆ ತಂತಿಯದೆಂದು ತಿಳಿಯುವ, ಇದಕ್ಕೆ ವಿಪರ್ಯಯವಾದ ಪ್ರಸಂಗಗಳೂ ಇವೆ. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಲೋಕದ ಮುಂದಿಟ್ಟ ‘ಕ್ಯಾನ್’ ಎಂಬ ಪದ್ಧತಿಯಲ್ಲಿ, ಕಾರಿನ ಹತ್ತಾರು ಗಣಕಘಟಕಗಳು ಒಂದಕ್ಕೊಂದು ಹುರಿಗೊಂಡ ಎರಡೇ ತಂತಿಗಳ ಮೂಲಕ ಮಾತನಾಡಿಕೊಳ್ಳುತ್ತವೆ. ಮೌನದಲ್ಲಿ ಎರಡೂ ತಂತಿಗಳು 2.5 ವೋಲ್ಟಿನಲ್ಲಿರುತ್ತವೆ; ಮಾತಿನ ಕ್ಷಣದಲ್ಲಿ ಒಂದು 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿಯುತ್ತದೆ, ಕೇಳುವ ಘಟಕವು ಇವೆರಡರ ಅಂತರವನ್ನು ಮಾತ್ರ ಗಣಿಸುವುದರಿಂದ, ಹೊರಗಿನ ವಿದ್ಯುತ್ ಗದ್ದಲವು ಎರಡನ್ನೂ ಸಮನಾಗಿ ತಾಗಿ ತನ್ನಷ್ಟಕ್ಕೆ ತಾನೇ ರದ್ದಾಗುತ್ತದೆ. ಇಷ್ಟು ಕೌಶಲದಿಂದ ಕಲ್ಪಿಸಿದ ಜಾಲವೂ ಸಡಿಲವಾದ ಒಂದು ಸೂಜಿಯೆದುರು ಅಸಹಾಯವಾಗಿರುತ್ತದೆ. ಜಾಲದ ಎರಡು ತುದಿಗಳಲ್ಲಿ 120 ಓಮ್ಸ್‌ನ ಒಂದೊಂದು ರೋಧಕವಿರುವುದು ವಾಡಿಕೆಯಾದ್ದರಿಂದ, ಬ್ಯಾಟರಿಯನ್ನು ಬೇರ್ಪಡಿಸಿ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ಸ್ ಬರಬೇಕು. 120 ಬಂದರೆ ಒಂದು ತುದಿಯ ಸಂಬಂಧ ಎಲ್ಲಿಯೋ ಕಡಿದಿದೆ. ಕಡಿದದ್ದು ಕಾರ್ಖಾನೆಯ ಲೋಪದಿಂದಲೇ ಇರಬೇಕೆಂದಿಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ರಾತ್ರಿಗಳಲ್ಲಿ ಬಾನೆಟ್ಟಿನ ಕೆಳಗೆ ಬೆಚ್ಚನೆಯ ತಾಣವನ್ನರಸಿ ಬರುವ ಇಲಿಗಳು ಹೊಸತು ಹಳತೆಂಬ ಭೇದವನ್ನು ಎಣಿಸುವುದಿಲ್ಲ.

ಶುದ್ಧ ಯಾಂತ್ರಿಕವಾದ ದೋಷಗಳಲ್ಲಿ ಕಂಪನವು ಪ್ರಧಾನವಾದುದು, ಮತ್ತು ಅದರ ಮೂಲವನ್ನು ಗಣಿತವೇ ತೋರಿಸಿಕೊಡುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ಚಕ್ರದ ಸುತ್ತಳತೆ ಸುಮಾರು 1.9 ಮೀಟರ್ ಆದರೆ ಅದು ಸೆಕೆಂಡಿಗೆ 13 ಸುತ್ತು ತಿರುಗುತ್ತಿದೆ. ಹದಿನಾರು ಅಂಗುಲದ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ತೂಕದ ಅಸಮತೆಯಿದ್ದರೆ, ಆ ವೇಗದಲ್ಲಿ ಅದು ಸುಮಾರು 3 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಸುತ್ತುಸುತ್ತಿಗೂ ಚಕ್ರವನ್ನು ಹೊರಗೆಳೆಯುತ್ತದೆ. ಕಂಪನವು ಎಂಜಿನ್ನಿನದೋ ಚಕ್ರದ್ದೋ ಎಂಬ ಸಂಶಯವಿದ್ದರೆ, ವೇಗವನ್ನು ಬದಲಿಸದೆ ಗೇರನ್ನು ಮಾತ್ರ ಒಂದು ಕೆಳಗಿಳಿಸಿ ನೋಡಬೇಕು: ಎಂಜಿನ್ನಿನ ಸುತ್ತು ಏರಿದರೂ ನಡುಕ ಹಾಗೆಯೇ ಇದ್ದರೆ ತಪ್ಪು ಚಕ್ರಗಳ ಕಡೆಯದು. ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನವು, ಆಸನ ನಡುಗಿದರೆ ಹಿಂದಿನವು. ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಟೈರುಗಳ ಗಾಳಿಯನ್ನು ಸರಿಮಾಡಿದ ತರುವಾಯ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡುವ ಪರೀಕ್ಷೆ ನನಗೆ ಬಹಳ ಪ್ರಿಯವಾದುದು, ಏಕೆಂದರೆ ಅಷ್ಟು ನಿಸ್ಸಂದಿಗ್ಧವಾದ ಉತ್ತರವನ್ನು ಕೊಡುವ ಪರೀಕ್ಷೆಗಳು ವಿರಳ: ಎಳೆತವು ದಿಕ್ಕು ಬದಲಿಸಿದರೆ ದೋಷ ಟೈರಿನದು, ಬದಲಿಸದಿದ್ದರೆ ಅಲೈನ್‌ಮೆಂಟಿನದೋ ಬ್ರೇಕಿನದೋ. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳಿಗೆ ಮಾತ್ರ ಇದು ಸಲ್ಲದು.

ದೋಷವಲ್ಲದ್ದನ್ನು ದೋಷವೆಂದು ಬಗೆದು ಕಂಗೆಡುವುದೂ ಉಂಟು. ಏಸಿ ನಡೆದಾಗ ಕೆಳಗೆ ತೊಟ್ಟಿಕ್ಕುವ ನೀರು, ಮಳೆಯ ಮರುದಿನ ಬ್ರೇಕಿನ ತಟ್ಟೆಯ ಮೇಲೆ ಕಾಣುವ ತೆಳು ತುಕ್ಕು, ಬಹುಕಾಲ ನಿಂತ ಟೈರು ಮೊದಲ ಕೆಲವು ಕಿಲೋಮೀಟರುಗಳಲ್ಲಿ ಎಬ್ಬಿಸುವ ಧಡಧಡ, ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ತೋರುವ ಸಣ್ಣ ಅದಿರಾಟ, ಇವು ಸ್ವಭಾವಗಳು.

ಯಾಂತ್ರಿಕ ಕಾರಣ ಮತ್ತು ಎಲೆಕ್ಟ್ರಾನಿಕ್ ಪರಿಣಾಮಗಳ ನಡುವಣ ಸಂಬಂಧವನ್ನು ಕಾಣದೆ ಹೋದರೆ ಎಂತಹ ಘೋರ ಅನಾಹುತವು ಸಂಭವಿಸಬಹುದೆಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಷೆವ್ರೊಲೆ ಕೋಬಾಲ್ಟ್ ಕಾರಿನ ವೃತ್ತಾಂತವು ನಿದರ್ಶನ. ಕೀಲಿಯ ಸ್ವಿಚ್ಚಿನೊಳಗೆ ಅದನ್ನು ಸ್ಥಾನದಲ್ಲಿ ಹಿಡಿದಿಡುವ ಪುಟ್ಟ ಸ್ಪ್ರಿಂಗು ಮತ್ತು ಕಡ್ಡಿ ದುರ್ಬಲವಾಗಿದ್ದುದರಿಂದ, ಮೊಳಕಾಲು ತಗುಲಿದರೆ, ಇಲ್ಲವೆ ಭಾರವಾದ ಕೀಲಿಗೊಂಚಲು ಜೋಲಾಡಿದರೆ, ಓಡುತ್ತಿರುವ ಕಾರಿನಲ್ಲಿಯೇ ಕೀಲಿಯು ಹಿಂದಕ್ಕೆ ಜಾರಿ ಎಂಜಿನ್ ನಿಂತುಬಿಡುತ್ತಿತ್ತು. ಹೊಸ ಕಾರು ತಾನಾಗಿ ನಿಂತಿತೆಂದು ಬಂದ ದೂರುಗಳು ಒಂದು ಕಡೆ, ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲವೆಂಬ ವರದಿಗಳು ಇನ್ನೊಂದು ಕಡೆ ಬಹು ವರ್ಷ ಬೇರೆಬೇರೆಯಾಗಿಯೇ ಉಳಿದವು. ಕೀಲಿ ಜಾರಿದೊಡನೆ ಏರ್‌ಬ್ಯಾಗಿನ ವಿದ್ಯುತ್ತೂ ಕಡಿಯುತ್ತದೆಂಬ ಕೊಂಡಿಯನ್ನು ಕೂಡಿಸಿದವರು ಕೆಲವರೇ. ಸಂಸ್ಥೆಯು 2006ರಲ್ಲಿ ಸ್ವಿಚ್ಚಿನ ಕಡ್ಡಿಯನ್ನು ಸದ್ದಿಲ್ಲದೆ ಬದಲಿಸಿದರೂ ಭಾಗದ ಸಂಖ್ಯೆಯನ್ನು ಬದಲಿಸದೆ ಬಿಟ್ಟದ್ದರಿಂದ, ತನಿಖೆ ಮಾಡಿದವರಿಗೆ ಹಳೆಯ ಕಾರುಗಳಷ್ಟೇ ಏಕೆ ನಿಲ್ಲುತ್ತವೆಂಬುದು ತಿಳಿಯದೆ ಹೋಯಿತು. ಕಡೆಗೆ, ಇಂಥದೊಂದು ಅಪಘಾತದಲ್ಲಿ ಮೃತಳಾದ ಮಹಿಳೆಯೊಬ್ಬಳ ಕುಟುಂಬದ ಪರವಾಗಿ ಪರಿಶೀಲಿಸುತ್ತಿದ್ದ ಫ್ಲಾರಿಡಾದ ಎಂಜಿನಿಯರೊಬ್ಬರು ಅದೇ ಸಂಖ್ಯೆಯ ಹೊಸ ಸ್ವಿಚ್ಚೊಂದನ್ನು ಕೊಂಡುತಂದು, ನಜ್ಜುಗುಜ್ಜಾದ ಕಾರಿನದರ ಪಕ್ಕದಲ್ಲಿಟ್ಟು ಬಿಚ್ಚಿ ಅಳೆದಾಗ, ಹೊಸದರ ಕಡ್ಡಿಯು ಹೆಚ್ಚು ಉದ್ದವಾಗಿದ್ದುದು ಬೆಳಕಿಗೆ ಬಂದಿತು. 2014ರಲ್ಲಿ ಆರಂಭವಾದ ಹಿಂಪಡೆಯುವಿಕೆಯಲ್ಲಿ ಸುಮಾರು 26 ಲಕ್ಷ ಕಾರುಗಳು ಸೇರಿದವು. ಪರಿಹಾರ ನಿಧಿಯು 124 ಸಾವುಗಳನ್ನು ಈ ದೋಷಕ್ಕೆ ಸಂಬಂಧಿಸಿದವೆಂದು ಅಂಗೀಕರಿಸಿತು.

ಆದ್ದರಿಂದ ಹೊಸ ಕಾರನ್ನು ಸರ್ವೀಸ್ ಸೆಂಟರಿಗೆ ಒಯ್ಯುವವನು ‘ಎಂಜಿನ್ ದೀಪ ಬಂದಿದೆ, ನೋಡಿ’ ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರಬಾರದು. ದೋಷ ತೋರಿದಾಗ ಎಂಜಿನ್ ತಣ್ಣಗಿತ್ತೋ ಕಾದಿತ್ತೋ, ಮಳೆಯಿತ್ತೋ, ವೇಗವೆಷ್ಟು, ಯಾವ ಗೇರು, ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡಿದ್ದು, ಎಂಬಿಷ್ಟನ್ನೂ ಜಾಬ್ ಕಾರ್ಡಿನಲ್ಲಿ ತನ್ನ ಮಾತುಗಳಲ್ಲಿಯೇ ಬರೆಸಬೇಕು. ಸಾಧ್ಯವಾದರೆ ಮೆಕ್ಯಾನಿಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಓಡಿಸಿ ತೋರಿಸಬೇಕು. ದೀಪವನ್ನು ಆರಿಸುವ ಆಸೆಯಿಂದ ಮನೆಯಲ್ಲಿಯೇ ಬ್ಯಾಟರಿಯ ತಂತಿಯನ್ನು ಕಳಚುವ ಪದ್ಧತಿ ಕೆಲವರಲ್ಲಿದೆ. ಹಾಗೆ ಮಾಡಿದರೆ ದೀಪದೊಂದಿಗೆ ಬಹಳ ಸಲ ಕಂಪ್ಯೂಟರಿನ ಟಿಪ್ಪಣಿಯೂ ಅಳಿದುಹೋಗುತ್ತದೆ. ದೋಷ ಸಂಭವಿಸಿದ ಆ ಕ್ಷಣದಲ್ಲಿ ಎಂಜಿನ್ನಿನ ಉಷ್ಣತೆ, ವೇಗ, ಭಾರಗಳು ಎಷ್ಟೆಷ್ಟಿದ್ದವೆಂಬುದನ್ನು ಅದು ಸಂಕೇತದ ಜೊತೆಯಲ್ಲಿಯೇ ದಾಖಲಿಸಿಟ್ಟಿರುತ್ತದೆ. ಆ ಅಂಕಿಗಳನ್ನು ಮೊದಲು ಬರೆದುಕೊಂಡು, ದುರಸ್ತಿಯಾದ ಮೇಲೆ ಕಾರನ್ನು ಅದೇ ಉಷ್ಣತೆಗೆ, ಅದೇ ವೇಗಕ್ಕೆ, ಅದೇ ಭಾರಕ್ಕೆ ತಂದು ಓಡಿಸಿ ನೋಡಿದಾಗಲೂ ಸಂಕೇತವು ಮರಳದಿದ್ದರೆ, ಆಗ ಜಾಬ್ ಕಾರ್ಡಿಗೆ ಸಹಿ ಹಾಕಬಹುದು.