ಕೈ ನಡುಗುವ ಹುಡುಗನನ್ನು ಬೈಯುವ ಮೊದಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಗೇರುಬೀಜ ತಿನ್ನದವರು ಯಾರಿದ್ದಾರೆ? ಅದರಲ್ಲಿ ತಾಮ್ರ ಜಾಸ್ತಿ. ಮಿದುಳಿಗೂ ಚೂರು ತಾಮ್ರ ಬೇಕು, ಅತಿಯಾದರೆ ಅದೇ ವಿಷ. ಹೆಚ್ಚಾದದ್ದನ್ನು ಹಿಡಿದು ಪಿತ್ತರಸಕ್ಕೆ ದಾಟಿಸಲು ಲಿವರ್‌ನಲ್ಲಿ ಒಂದು ಪ್ರೋಟೀನ್ ಇದೆ. ಅದರ ಜೀನ್ ಎಟಿಪಿ7ಬಿ, ಪತ್ತೆಯಾದದ್ದು 1993ರಲ್ಲಿ.

ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ತಾಮ್ರ ಲಿವರ್ ತುಂಬಿ, ಆಮೇಲೆ ಮಿದುಳಿಗೂ ಇಳಿಯುತ್ತದೆ. ಇದೇ ವಿಲ್ಸನ್ ಕಾಯಿಲೆ. ಸೋದರ ಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ.

ಅಕ್ಷರ ಕೆಡುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಸಿಟ್ಟು ಏರುತ್ತದೆ. ಶಾಲೆಯಲ್ಲಿ ‘ಉದಾಸೀನ’ ಅಂತಾರೆ, ಮನೆಯವರು ಪ್ರಶ್ನೆ ಇಡಿಸಲು ಹೋಗ್ತಾರೆ. ಅಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಸುಳಿವು ಕೊಡುವುದು ಕಣ್ಣಿನ ಕಂದು ಉಂಗುರ, ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದಲ್ಲಿನ ತಾಮ್ರ. ಪೆನಿಸಿಲಮೈನ್ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಝಿಂಕ್ ಕರುಳಿನಲ್ಲಿ ಮೆಟಲೋಥಯೊನೀನ್ ಎಂಬ ಪ್ರೋಟೀನ್ ಹೆಚ್ಚಿಸಿ ತಾಮ್ರವನ್ನು ಅಲ್ಲೇ ಕಟ್ಟಿಹಾಕುತ್ತದೆ. ಔಷಧ ಜೀವನಪೂರ್ತಿ ಬೇಕು, ನಿಲ್ಲಿಸಿದರೆ ಪ್ರಾಣಾಪಾಯ. ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಸಾಧ್ಯತೆ ಇರುವುದರಿಂದ ಅವರಿಗೂ ಪರೀಕ್ಷೆ ಆಗಲೇಬೇಕು.

ಶಾಸಕರ ಹತ್ತಿರ ನಾವು ಕೇಳಬೇಕಾದ್ದು ಇಷ್ಟೇ: ಈ ಪರೀಕ್ಷೆ, ಈ ಮಾತ್ರೆಗಾಗಿ ಯಾರೂ ಬೆಂಗಳೂರಿನ ರಾತ್ರಿ ಬಸ್ ಹತ್ತಬೇಕಾಗಬಾರದು, ತಾಲೂಕು ಆಸ್ಪತ್ರೆಯಲ್ಲೇ ಸಿಗಬೇಕು.